ಅವ್ವನ ಕಾಲಿಗೆ ಜಾಗ

ನಮ್ಮವ್ವನ ಬಲಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇದು ಗೊತ್ತಿಲ್ಲದವರಿಗೆ ನಾನು ಕಾರುಗಳ ವಿಷಯದಲ್ಲಿ ಯಾಕೆ ಇಷ್ಟು ಸಿಡುಕುತ್ತೇನೆ ಅನ್ನುವುದು ತಿಳಿಯುವುದಿಲ್ಲ. ಯಾರಾದರೂ ಹೊಸ ಕಾರು ತಂದು, ಸೀಟು ಎಷ್ಟು ಮೆತ್ತಗಿದೆ ನೋಡಿ, ಹಿಂದೆ ಎಷ್ಟು ವಿಶಾಲವಾಗಿದೆ ನೋಡಿ ಅಂತ ಬಾಗಿಲು ತೆರೆದು ತೋರಿಸಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಿಗೆ ವಿಶಾಲ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುತ್ತೇನೆ ಕೂಡ. ಅದಕ್ಕೇ ನಮ್ಮ ನೆಂಟರಲ್ಲಿ ನನಗೆ ಕಾರು ತೋರಿಸುವವರು ಕಡಿಮೆ.

ನಮ್ಮದು ಯಲಹಂಕದ ಪಕ್ಕದ ಪುಟ್ಟೇನಹಳ್ಳಿ. ಕೆರೆಯ ಕೆಳಗೆ ದ್ರಾಕ್ಷಿ ತೋಟ, ಅದರಾಚೆ ಕೋಸು, ಹುರುಳಿಕಾಯಿ, ಮೆಣಸಿನಕಾಯಿ. ಅಪ್ಪ ಮತ್ತು ಚಿಕ್ಕಪ್ಪ ಒಟ್ಟಿಗಿದ್ದರು. ಅಪ್ಪ ತೋಟ ನೋಡಿಕೊಳ್ಳುತ್ತಿದ್ದ, ಚಿಕ್ಕಪ್ಪ ಹೊರಗಿನ ವ್ಯವಹಾರ. ಅವ್ವ ಮನೆಯನ್ನೂ ನೋಡಿಕೊಂಡು ತೋಟದಲ್ಲೂ ದುಡಿಯುತ್ತಿದ್ದಳು. ನಾನು ಇನ್ನೂ ಶಾಲೆಗೆ ಸೇರಿರದ ಕಾಲಕ್ಕೆ ಅವ್ವ ಗೊಬ್ಬರದ ಕುಕ್ಕೆ ಹೊತ್ತು ಕೆರೆ ಏರಿಯಿಂದ ಇಳಿಯುವಾಗ ಜಾರಿ ಬಿದ್ದಳು. ಮಂಡಿ ಊದಿತು, ಕೀವಾಯಿತು, ಜ್ವರ ತಲೆಗೇರಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಾಲು ಉಳಿಸಿಕೊಟ್ಟರು. ಆದರೆ ಕಾಲಿಗೆ ಹಾಕಿದ್ದ ಪ್ಲಾಸ್ಟರಿನ ಹಿಟ್ಟಿನ ಕಟ್ಟು ಬಿಚ್ಚಿದಾಗ ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತಿತ್ತು. ಇನ್ನು ಇದು ಹೀಗೆಯೇ ಅಂದರು ಡಾಕ್ಟರು. ಪ್ರಾಣ ಉಳಿಯಿತಲ್ಲ ಅಂತ ಅಪ್ಪ ಕೈ ಮುಗಿದು ಬಂದ.

ನೆಲದ ಮೇಲೆ ಅವ್ವನಿಗೆ ಏನೂ ತೊಂದರೆಯಿರಲಿಲ್ಲ. ಗೋಡೆಗೊರಗಿ ಕಾಲು ಚಾಚಿ ಕೂತಳೆಂದರೆ ರಾಗಿ ಬೀಸುವುದೇನು, ತರಕಾರಿ ಹೆಚ್ಚುವುದೇನು, ನನ್ನ ತಲೆ ಬಾಚುವುದೇನು, ಎಲ್ಲ ಅಲ್ಲಿಂದಲೇ. ನಡೆಯುವಾಗ ಕಾಲನ್ನು ಪಕ್ಕಕ್ಕೆ ಬೀಸಿ ಬೀಸಿ ಹೆಜ್ಜೆ ಹಾಕುತ್ತಿದ್ದಳು. ಆದರೂ ನನಗಿಂತ ಬೇಗ ತೋಟ ಮುಟ್ಟುತ್ತಿದ್ದಳು. ಎತ್ತರದ ಮೇಲೆ ಕೂರಬೇಕಾಗಿ ಬಂದಾಗ ಮಾತ್ರ ಕಷ್ಟ. ಕುರ್ಚಿ ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಕಾರು ಅಂದರೆ ನಾಲ್ಕು ಗೋಡೆ ಕಟ್ಟಿದ ಕುರ್ಚಿ ತಾನೆ.

ಆಸ್ಪತ್ರೆಯಿಂದ ಅವ್ವನನ್ನು ಮನೆಗೆ ತಂದದ್ದು ಬಾಡಿಗೆ ಕಾರಿನಲ್ಲಿ. ನಾನು ಹತ್ತಿದ ಮೊದಲ ಕಾರೂ ಅದೇ. ಮಹಾಯುದ್ಧಕ್ಕೂ ಮುಂಚಿನ ಕಾಲದ ಅಮೆರಿಕದ ಕಾರು, ಕಪ್ಪು ಬಣ್ಣ, ಎರಡೂ ಕಡೆ ಹತ್ತಲು ಉದ್ದನೆಯ ಮೆಟ್ಟಿಲು. ಬಾಗಿಲು ನಮ್ಮ ದನದ ಕೊಟ್ಟಿಗೆಯ ಬಾಗಿಲಿನಷ್ಟು ಅಗಲ. ಒಳಗೆ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿತ್ತು. ಆ ಜಾಗದಲ್ಲಿ ಮಡಚಿ ಬಿಚ್ಚುವ ಎರಡು ಪುಟ್ಟ ಸೀಟು. ಒಂದರಲ್ಲಿ ನನ್ನನ್ನು ಕೂರಿಸಿದರು. ಸೀಟಿನ ಚರ್ಮ ಅಲ್ಲಲ್ಲಿ ಹರಿದು ಒಳಗಿನ ನಾರು ಕಾಣುತ್ತಿತ್ತು, ಬೀಡಿ ವಾಸನೆ ಬರುತ್ತಿತ್ತು. ಡ್ರೈವರು ಬಿಳಿ ಗಡ್ಡದ ಸಾಹೇಬರು. ಅವ್ವ ಬಾಗಿಲ ಹತ್ತಿರ ಅಳುಕುತ್ತ ನಿಂತದ್ದನ್ನು ನೋಡಿ ಅವರು ಕೆಳಗಿಳಿದು ಬಂದರು.

"ಅಮ್ಮಾ, ಕಾಲು ಚಾಚ್ಕೊಂಡು ಕೂತ್ಕೊಳಿ. ಜಾಗ ಐತೆ" ಅಂದರು.

ಅವ್ವ ಕೂತಳು. ಕಾಲು ಪೂರ್ತಿ ಚಾಚಿದಳು. ಆದರೂ ಮುಂದಿನ ಸೀಟಿಗೆ ಅವಳ ಪಾದ ತಗುಲಲಿಲ್ಲ. ಹೆಬ್ಬಾಳದ ಕೆರೆ ಏರಿಯ ಮೇಲೆ ಗಾಳಿ ಒಳಗೆ ಬಂತು. ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚದ ಮೇಲಿದ್ದ ಅವ್ವ ಆವತ್ತು ನಕ್ಕದ್ದು ನನಗೆ ನೆನಪಿದೆ. ಆಮೇಲೆ ವರ್ಷಗಟ್ಟಲೆ ಅವಳು ಯಾವ ಕಾರನ್ನು ನೋಡಿದರೂ ಆ ಕಾರಿಗೇ ಹೋಲಿಸುತ್ತಿದ್ದಳು. ಹೊಳಪು, ಬಣ್ಣ, ವೇಗ ಅವಳಿಗೆ ಬೇಕಿರಲಿಲ್ಲ. ಅದರಲ್ಲಿ ಜಾಗ ಇದೆಯೋ ಇಲ್ಲವೋ, ಅಷ್ಟೇ.

ಬಹುಪಾಲು ಕಾರುಗಳಲ್ಲಿ ಇರಲಿಲ್ಲ.

ಯಲಹಂಕದಲ್ಲಿ ಒಬ್ಬ ಡಾಕ್ಟರಿದ್ದರು, ಒಳ್ಳೆಯ ಮನುಷ್ಯ. ಅವರದು ಮೊಟ್ಟೆಯಂತೆ ದುಂಡಗಿದ್ದ ಇಂಗ್ಲಿಷ್ ಕಾರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಮ್ಮೆ ಅವ್ವನಿಗೆ ಜ್ವರ ಏರಿ ಎದ್ದು ನಿಲ್ಲಲಾಗಲಿಲ್ಲ. ಹಳ್ಳಿಗೆ ಬೇರೆ ಯಾರನ್ನೋ ನೋಡಲು ಬಂದಿದ್ದ ಡಾಕ್ಟರು ತಾವೇ ಕರೆದುಕೊಂಡು ಹೋಗುತ್ತೇನೆ ಅಂದರು. ಅವ್ವನನ್ನು ಒಳಗೆ ಕೂರಿಸುವುದೇ ಒಂದು ದೊಡ್ಡ ಕೆಲಸವಾಯಿತು. ಮುಂದಿನ ಸೀಟಿನಲ್ಲಿ ಆಗಲಿಲ್ಲ, ಕಾಲು ಬಾಗಿಲಿನಿಂದ ಹೊರಗೇ ಉಳಿಯಿತು. ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂರಿಸಿ ಬೆನ್ನು ಒಂದು ಬಾಗಿಲಿಗೆ ಒರಗಿಸಿದರೆ ಪಾದ ಇನ್ನೊಂದು ಬಾಗಿಲಿಗೆ ಒತ್ತಿ ಬಾಗಿಲು ಮುಚ್ಚಲಿಲ್ಲ. ಅಷ್ಟು ಕಿರಿದು ಅದು. ಕೊನೆಗೆ ಡಾಕ್ಟರು ಬೆವರು ಒರೆಸಿಕೊಂಡು ಕಿಟಕಿಯ ಗಾಜು ಇಳಿಸಿದರು. ಅವ್ವನ ಬೆನ್ನಿಗೆ ದಿಂಬು ಕೊಟ್ಟು ಮೇಲೆತ್ತಿ, ಪಾದವನ್ನು ಕಿಟಕಿಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದರು. ನಾನು ಕೆಳಗೆ ಕಾಲಿಡುವ ಜಾಗದಲ್ಲಿ ಮುದುಡಿಕೊಂಡೆ.

ಹಾಗೆಯೇ ಯಲಹಂಕದ ಪೇಟೆ ಬೀದಿಯಲ್ಲಿ ಹೋದೆವು. ಕಿಟಕಿಯಿಂದ ಹೊರಗೆ ಚಾಚಿದ್ದ ಕಾಲು, ಅದರಲ್ಲಿ ಕಾಲುಂಗುರ. ಅಂಗಡಿಗಳ ಮುಂದೆ ಕೂತವರು ಎದ್ದು ನಿಂತು ನೋಡಿದರು. ಯಾರೋ ಹೆಣ ಅಂದರು. ಇನ್ಯಾರೋ ನಕ್ಕರು. ಹುಡುಗರ ಹಿಂಡು ಕೂಗಿಕೊಂಡು ಹಿಂದೆ ಓಡಿ ಬಂತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಜ್ವರದಲ್ಲಿ ಕಾದಿದ್ದ ಅವಳ ಕೈ ನನ್ನ ತಲೆಯ ಮೇಲಿತ್ತು. ಡಾಕ್ಟರ ಮೇಲೆ ನನಗೆ ಕೋಪವಿಲ್ಲ, ಅವರು ತಮ್ಮಿಂದಾದದ್ದು ಮಾಡಿದರು. ನಕ್ಕವರ ಮೇಲೆ ಇದೆ. ಇಷ್ಟು ವರ್ಷವಾದರೂ ಆ ಬೀದಿಗೆ ಹೋದಾಗ ನಾನು ಅಂಗಡಿಗಳ ಕಡೆ ಮುಖ ಎತ್ತಿ ನೋಡುವುದಿಲ್ಲ.

ನಮ್ಮ ದ್ರಾಕ್ಷಿಗೆ ಬೂದಿ ರೋಗ ಬಂದ ವರ್ಷ ತೋಟ ನೋಡಲು ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ಹೆಬ್ಬಾಳದಿಂದ ಜೀಪಿನಲ್ಲಿ ಬರುತ್ತಿದ್ದರು. ಅದರಲ್ಲಿ ಒಂದೆರಡು ಸಲ ಅವ್ವನನ್ನು ಹೆಬ್ಬಾಳದ ತನಕ ಕರೆದೊಯ್ದರು. ಜೀಪಿನ ಹಿಂದೆ ಎದುರುಬದುರಾಗಿ ಎರಡು ತಗಡಿನ ಬೆಂಚು. ಮೆತ್ತೆಯಿಲ್ಲ, ಬಾಗಿಲಿಲ್ಲ. ದಾರಿಯ ಪ್ರತಿಯೊಂದು ಕಲ್ಲೂ ಬೆನ್ನುಮೂಳೆಗೆ ಬಡಿಯುತ್ತಿತ್ತು. ಇಳಿಯುವಷ್ಟರಲ್ಲಿ ಹುಬ್ಬಿನ ತನಕ ಕೆಂಪು ಧೂಳು. ಆದರೆ ಬೆಂಚಿನ ಉದ್ದಕ್ಕೆ ಕಾಲು ಚಾಚಿ, ಮೇಲಿನ ಕಬ್ಬಿಣದ ಸರಳು ಹಿಡಿದು ಕೂರಬಹುದಿತ್ತು. ಅವ್ವನಿಗೆ ಜೀಪು ಇಷ್ಟವಾಯಿತು. ಮೈಯೆಲ್ಲ ನೋಯುತ್ತದೆ, ಆದರೆ ಯಾರೂ ನೋಡಿ ನಗುವುದಿಲ್ಲ ಅಂದಳು. ಅವಳ ಲೆಕ್ಕದಲ್ಲಿ ಮೆತ್ತಗಿನ ಸೀಟಿಗಿಂತ ಇದು ಸುಖ.

ಚಿಕ್ಕಪ್ಪ ಕಾರು ಕೊಂಡದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಊರಿನ ಸುತ್ತ ಕಟ್ಟಡಗಳು ಏಳಲು ಶುರುವಾಗಿದ್ದವು. ಚಿಕ್ಕಪ್ಪ ಕಲ್ಲು, ಜಲ್ಲಿ ಒದಗಿಸುವ ಕೆಲಸ ಹಿಡಿದಿದ್ದ, ಲಾರಿ ಇಟ್ಟಿದ್ದ. ಅದಕ್ಕೆ ಬೇಕಾದ ಬಂಡವಾಳ ಬಂದದ್ದು ತೋಟದಿಂದ, ತೋಟ ನಡೆದದ್ದು ಅಪ್ಪ ಅವ್ವನ ಬೆವರಿನಿಂದ. ಆದರೂ ಬಾಗಿಲ ಮುಂದೆ ಬಿಳಿ ಅಂಬಾಸಿಡರ್ ಬಂದು ನಿಂತಾಗ ಅದು ಚಿಕ್ಕಪ್ಪನ ಕಾರು ಅಂತಲೇ ಆಯಿತು. ನಾವೂ ಹಾಗೇ ಅಂದೆವು.

ಆವತ್ತು ಊರಿಗೆ ಊರೇ ಬಂದು ಸೀಟು ಒತ್ತಿ ನೋಡಿತು. ಹಿಂದೆ ಎಷ್ಟು ಜನ ಹಿಡಿಸುತ್ತಾರೆ ಅಂತ ನೋಡಲು ಚಿಕ್ಕಪ್ಪ ಒಬ್ಬರ ಮೇಲೊಬ್ಬರಂತೆ ಮಕ್ಕಳನ್ನು ತುಂಬಿಸಿದ. ಮುಂದೆ ಡ್ರೈವರಿಗೂ ಪಕ್ಕದವರಿಗೂ ಸೇರಿ ಒಂದೇ ಉದ್ದನೆಯ ಸೀಟು, ಹಾಸಿಗೆಯ ಹಾಗೆ. ಕೂತರೆ ಸ್ವಲ್ಪ ಕುಗ್ಗಿ ಆಮೇಲೆ ಮೇಲಕ್ಕೆತ್ತುತ್ತಿತ್ತು. ನಾನೂ ಕೂತು ನೋಡಿದೆ, ನಿಜಕ್ಕೂ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.

ಅವ್ವನನ್ನು ಮುಂದೆ ಕೂರಿಸಿ ನೋಡೋಣ ಅಂತ ಹೇಳಿದವಳು ನಾನೇ. ಕೂರಿಸಿದೆವು. ಪಾದ ಮುಂದಿನ ತಗಡಿಗೆ ಒತ್ತಿತು, ಅಂಗೈ ಅಗಲದ ಜಾಗ ಸಾಲಲಿಲ್ಲ. ಸೀಟಿನ ಕೆಳಗೆ ಒಂದು ಹಿಡಿ ಇತ್ತು, ಅದನ್ನೆಳೆದರೆ ಸೀಟು ಹಿಂದಕ್ಕೆ ಸರಿಯುತ್ತಿತ್ತು. ಅಪ್ಪ ಸರಿಸಿದ. ಅವ್ವನ ಕಾಲು ಸರಿಯಾಗಿ ಕೂತಿತು. ಅವ್ವ ತಲೆ ಹಿಂದಕ್ಕೆ ಒರಗಿಸಿ, ಪರವಾಗಿಲ್ಲ ಕಣೇ ಅಂದಳು. ಆದರೆ ಇಡೀ ಸೀಟು ಒಂದೇ ಆದ್ದರಿಂದ ಚಿಕ್ಕಪ್ಪನ ಕಡೆಯೂ ಹಿಂದಕ್ಕೆ ಹೋಗಿತ್ತು. ಚಿಕ್ಕಪ್ಪ ಗಿಡ್ಡ ಆಳು. ಕೂತು ಕಾಲು ಚಾಚಿದ, ಕ್ಲಚ್ಚು ಎಟುಕಲಿಲ್ಲ. ಮುಂದಕ್ಕೆ ಜಾರಿ ಸೀಟಿನ ಅಂಚಿನಲ್ಲಿ ಕೂತು ಒತ್ತಲು ನೋಡಿದ. ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಪ್ಪನ ಮುಖ ಕೆಂಪಾಯಿತು. ಹಿಡಿ ಎಳೆದು ಸೀಟನ್ನು ಮುಂದಕ್ಕೆ ತಳ್ಳಿದ. ಅವ್ವನ ಕಾಲು ತಗಡಿಗೆ ಬಡಿಯಿತು. ಅವ್ವ ಹಲ್ಲು ಕಚ್ಚಿಕೊಂಡು ಇಳಿದಳು.

ಆಮೇಲೆ ಆ ಕಾರಿನಲ್ಲಿ ಅವ್ವನಿಗೆ ಇದ್ದದ್ದು ಹಿಂದಿನ ಸೀಟಿನಲ್ಲಿ ಅಡ್ಡ ಕೂರುವ ಜಾಗ ಒಂದೇ. ಅದು ಡಾಕ್ಟರ ಕಾರಿಗಿಂತ ಅಗಲವಾಗಿತ್ತು, ಗಾಜು ಇಳಿಸಬೇಕಾಗಿರಲಿಲ್ಲ. ಆದರೆ ಅವಳು ಹಾಗೆ ಕೂತರೆ ಹಿಂದೆ ಬೇರೆ ಯಾರೂ ಕೂರುವಂತಿಲ್ಲ. ಅಂಥ ಕಾರು ಒಬ್ಬ ಹೆಂಗಸಿಗಾಗಿ ಹೊರಡುವ ಮನೆ ನಮ್ಮದಾಗಿರಲಿಲ್ಲ. ಚಿಕ್ಕಪ್ಪ ದೊಡ್ಡ ಮನುಷ್ಯರನ್ನು ಕೂರಿಸಿಕೊಂಡು ಓಡಾಡಿದ. ಹಬ್ಬ ಹರಿದಿನಕ್ಕೆ ಚಿಕ್ಕಮ್ಮ, ಅವಳ ಅಕ್ಕತಂಗಿಯರು, ಮಕ್ಕಳು ಹೋಗಿಬಂದರು. ಅವ್ವ ಮನೆಯಲ್ಲಿ ಉಳಿದಳು. ಬಂದವರು ಸೀಟಿನ ಸುಖವನ್ನು ಅವಳ ಎದುರಿಗೇ ವರ್ಣಿಸುತ್ತಿದ್ದರು. ಅವ್ವ ಸೌಟು ಆಡಿಸುತ್ತ ಕೇಳುತ್ತಿದ್ದಳು.

ಸೋಲದೇವನಹಳ್ಳಿಯಲ್ಲಿದ್ದ ನಮ್ಮಜ್ಜಿ, ಅಂದರೆ ಅವ್ವನ ತಾಯಿ, ತೀರಿಹೋದದ್ದು ಕಾರು ಬಂದ ಮರುವರ್ಷ. ಬೆಳಿಗ್ಗೆ ಅಲ್ಲಿಂದ ಒಬ್ಬ ಸೈಕಲ್ಲಿನಲ್ಲಿ ಬಂದು ಸುದ್ದಿ ಹೇಳಿದ. ಬಿಸಿಲೇರುವ ಮುಂಚೆ ಮಣ್ಣು ಮಾಡುತ್ತಾರೆ, ಬೇಗ ಬನ್ನಿ ಅಂದ. ಅವ್ವ ಅಳುತ್ತಲೇ ಸೀರೆ ಬದಲಿಸಿ ಹೊರಗೆ ಬಂದು ಕಾರಿನ ಹತ್ತಿರ ನಿಂತಳು. ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ತನ್ನ ತಾಯಿ ಸತ್ತ ದಿನ ಬಾಗಿಲಲ್ಲಿ ನಿಂತ ಕಾರಿನಲ್ಲಿ ತನಗೆ ಜಾಗ ಇರುತ್ತದೆ ಅಂದುಕೊಂಡಿದ್ದಳು.

ಚಿಕ್ಕಪ್ಪ ಹೊರಗೆ ಬಂದು ಅಪ್ಪನನ್ನು ಮುಂದೆ ಕೂರಲು ಹೇಳಿದ, ಅಳಿಯನಾದವನು ಇರಲೇಬೇಕು ಅಂತ. ಹಿಂದೆ ಊರಿನ ಇಬ್ಬರು ಹಿರಿಯರು. ಯಲಹಂಕದಲ್ಲಿ ಪಂಚಾಯ್ತಿ ಚೇರ್ಮನ್ನರನ್ನು ಹತ್ತಿಸಿಕೊಳ್ಳಬೇಕು, ಅವರು ಬಂದರೆ ನಮಗೆ ಮರ್ಯಾದೆ ಅಂದ. ನಾನು ಅವ್ವನ ಕೈ ಹಿಡಿದುಕೊಂಡು, ಅವ್ವ ಎಲ್ಲಿ ಕೂರಬೇಕು ಅಂತ ಕೇಳಿದೆ. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಕಾರಿನ ಮೇಲೆ ಕೂತಿದ್ದ ಇಬ್ಬನಿಯನ್ನು ಬಟ್ಟೆಯಿಂದ ಒರೆಸುತ್ತ ಹೇಳಿದ.

"ಒಂದು ಕಾಲಿಗೆ ಮೂರು ಜನರ ಜಾಗ ಬೇಕಮ್ಮ. ಎಲ್ಲಿಂದ ತರಲಿ? ಅತ್ತಿಗೆ ಬಸ್ಸಲ್ಲಿ ಬರ್ಲಿ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಟವೆಲ್ಲಿನ ಅಂಚು ಮಡಚುತ್ತ ಬಿಚ್ಚುತ್ತ ಕೂತಿದ್ದ. ಅವನು ಇಳಿಯಲಿಲ್ಲ. ಅವ್ವನೇ, ನೀವು ಹೋಗಿ, ತಡವಾಗುತ್ತೆ ಅಂದಳು. ಕಾರು ಹೋಯಿತು.

ಪುಟ್ಟೇನಹಳ್ಳಿಯಿಂದ ಯಲಹಂಕಕ್ಕೆ ನಡಿಗೆ. ಅಲ್ಲಿಂದ ಬಸ್ಸು ಹಿಡಿದು ಯಶವಂತಪುರ. ಬಸ್ಸಿನಲ್ಲಿ ಕಂಡಕ್ಟರು ಅವ್ವನ ಕಾಲು ನೋಡಿ, ಇಂಜಿನ್ನಿನ ಪಕ್ಕದಲ್ಲಿದ್ದ ಮೊದಲ ಸೀಟಿನವರನ್ನು ಎಬ್ಬಿಸಿ ಅವ್ವನನ್ನು ಕೂರಿಸಿದ. ಯಾವ ಪರಿಚಯವೂ ಇಲ್ಲದ ಮನುಷ್ಯ. ಇಂಜಿನ್ನಿನ ಕಾವಿಗೆ ಅವ್ವನ ಪಾದ ಕೆಂಪಾಯಿತು, ಆದರೂ ಕಾಲಿಗೆ ಜಾಗವಿತ್ತು. ಯಶವಂತಪುರದಲ್ಲಿ ಹೆಸರಘಟ್ಟದ ಬಸ್ಸಿಗೆ ಕಾದೆವು. ಬಂದ ಬಸ್ಸು ತುಂಬಿತ್ತು, ಗೊರಗುಂಟೆಪಾಳ್ಯ ದಾಟುವವರೆಗೂ ಅವ್ವ ನಿಂತೇ ಇದ್ದಳು. ಸೋಲದೇವನಹಳ್ಳಿಯ ದಾರಿಗೆ ಇಳಿದು ಮತ್ತೆ ನಡೆದೆವು. ಅವ್ವ ಕಾಲು ಬೀಸಿ ಬೀಸಿ ಓಡುವ ಹಾಗೆ ನಡೆಯುತ್ತಿದ್ದಳು.

ನಾವು ಹೋಗಿ ನಿಂತಾಗ ಅಂಗಳಕ್ಕೆ ನೀರು ಹಾಕಿ ತೊಳೆಯುತ್ತಿದ್ದರು. ಮಣ್ಣಿಗೆ ಹೋದವರು ಹಿಂದಿರುಗಿ ಆಗಿತ್ತು. ನಮ್ಮ ಸೋದರಮಾವ ಅವ್ವನನ್ನು ನೋಡಿ, ಕಾರು ಬಂತಲ್ಲಮ್ಮ, ನೀನ್ಯಾಕೆ ಅದರಲ್ಲಿ ಬರಲಿಲ್ಲ, ನೀನು ಬರೋದಿಲ್ಲ ಅಂದ್ಕೊಂಡ್ವಲ್ಲ ಅಂತ ಅತ್ತ. ಅವ್ವ ಒದ್ದೆ ಅಂಗಳದಲ್ಲೇ ಕಾಲು ಚಾಚಿ ಕೂತುಬಿಟ್ಟಳು. ತಾಯಿಯ ಮುಖ ಅವಳಿಗೆ ಸಿಗಲಿಲ್ಲ.

ಆಚೆ ಬೇಲಿಯ ಹತ್ತಿರ ಚಿಕ್ಕಪ್ಪ ನಾಲ್ಕಾರು ಜನರ ನಡುವೆ ನಿಂತಿದ್ದ. ಅವರಿಗೆ ಕಾರಿನ ಬಾಗಿಲು ತೆರೆದು ತೋರಿಸುತ್ತಿದ್ದ. ಇಂಥ ಕೆಟ್ಟ ದಾರಿಯಲ್ಲಿ ಬಂದರೂ ಸೊಂಟಕ್ಕೆ ಒಂಚೂರೂ ಆಯಾಸ ಆಗಲಿಲ್ಲ, ಸೀಟು ಹಂಗಿದೆ ಅಂತ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನನಗಾಗ ಹದಿನೈದೋ ಹದಿನಾರೋ. ಕೈಗೆ ಸಿಕ್ಕ ಕಲ್ಲನ್ನು ಎತ್ತಿಕೊಂಡು ಹೋಗಿ ಆ ಕಾರಿನ ಗಾಜು ಒಡೆಯಬೇಕು ಅನ್ನಿಸಿತು. ಒಡೆಯಲಿಲ್ಲ. ಅವ್ವ ನನ್ನ ಲಂಗದ ಅಂಚು ಹಿಡಿದುಕೊಂಡಿದ್ದಳು.

ಸಂಜೆ ಹೊರಡುವಾಗ ಚೇರ್ಮನ್ನರು ಬೇರೆ ಯಾರದೋ ಗಾಡಿಯಲ್ಲಿ ಆಗಲೇ ಹೋಗಿದ್ದರು. ಹಿರಿಯರಿಬ್ಬರೂ ಉಳಿದುಕೊಂಡರು. ಚಿಕ್ಕಪ್ಪ ಹಿಂದಿನ ಬಾಗಿಲು ತೆರೆದು, ಈಗ ಜಾಗ ಇದೆ, ಕೂತ್ಕೊಳ್ಳಿ ಅತ್ತಿಗೆ ಅಂದ. ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಅಂತ ಅಪ್ಪ ಆಮೇಲೆ ಎಷ್ಟೋ ಸಲ ವಾದಿಸಿದ್ದಾನೆ. ಇರಬಹುದು. ಅವ್ವ ಬಾಗಿಲನ್ನು ಮುಟ್ಟಲೂ ಇಲ್ಲ.

"ಬ್ಯಾಡ ಕಣಪ್ಪ. ನನ್ ಕಾಲ್ಗೆ ಬಸ್ಸೇ ಸರಿ" ಅಂದಳು.

ನಾವಿಬ್ಬರೂ ಬಸ್ಸಿನಲ್ಲಿ ಬಂದೆವು. ಈ ಸಲ ಅಪ್ಪ ಕಾರು ಹತ್ತಲಿಲ್ಲ. ನಮ್ಮ ಹಿಂದೆಯೇ ನಡೆದು ಬಂದು ಬಸ್ಸಿನಲ್ಲಿ ನಿಂತುಕೊಂಡ. ನಾನು ಅವನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಇಳಿಯಬೇಕಾಗಿದ್ದವನು ಸಂಜೆ ಇಳಿದರೆ ಏನು ಬಂತು?

ಅವ್ವ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಚಿಕ್ಕಪ್ಪನಿಗೆ ಮೊದಲಿನಂತೆಯೇ ಊಟ ಬಡಿಸಿದಳು. ಅವಳ ಪಾಲಿನ ಕೋಪವನ್ನೂ ನಾನೇ ಇಟ್ಟುಕೊಂಡೆ. ಕಾರಿನ ಶಬ್ದ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಚಿಕ್ಕಪ್ಪ ಶಾಲೆಯ ತನಕ ಬಿಡುತ್ತೇನೆ ಅಂದರೆ ಒಲ್ಲೆ ಅನ್ನುತ್ತಿದ್ದೆ. ಹುಡುಗಿಗೆ ಕೊಬ್ಬು ಅಂದರು. ಅನ್ನಲಿ ಅಂತ ಬಿಟ್ಟೆ.

ಮೂರು ನಾಲ್ಕು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಹುಡುಗ ಯಶವಂತಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮದುವೆಯೂ ಅಲ್ಲೇ ಒಂದು ಛತ್ರದಲ್ಲಿ. ಹಿಂದಿನ ದಿನ ಮಧ್ಯಾಹ್ನ ಹೆಣ್ಣಿನ ಕಡೆಯವರು ಹೊರಡಬೇಕು. ನೆಂಟರಿಗೆಲ್ಲ ಒಂದು ಬಸ್ಸು ಗೊತ್ತು ಮಾಡಿದ್ದರು, ಮದುವಣಗಿತ್ತಿಗೆ ಕಾರು. ಚಿಕ್ಕಪ್ಪ ಬೆಳಗಿನಿಂದ ಕಾರು ತೊಳೆದು, ಮುಂದೆ ಸೇವಂತಿಗೆ ಹಾರ ಕಟ್ಟಿ, ಸೀಟುಗಳ ಮೇಲೆ ಹೊಸ ಬಿಳಿ ಬಟ್ಟೆ ಹಾಸಿದ್ದ. ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಅದೇ ಚೇರ್ಮನ್ನರು. ಹಿಂದೆ ನಾನು, ಚಿಕ್ಕಮ್ಮ, ಕಳಸ ಹಿಡಿದ ಹುಡುಗಿಯರು. ಅವ್ವ ಬಸ್ಸಿನ ಹತ್ತಿರ ನಿಂತು ಹಣ್ಣಿನ ಬುಟ್ಟಿಗಳನ್ನು ಹತ್ತಿಸುತ್ತಿದ್ದಳು.

ನಾನು ಬಾಗಿಲ ತನಕ ಬಂದವಳು ಹಿಂದಿರುಗಿ ಹೋಗಿ ಜಗುಲಿಯ ಮೇಲೆ ಕೂತೆ.

ಚಿಕ್ಕಮ್ಮ ಏನಾಯಿತು ಅಂತ ಓಡಿ ಬಂದಳು. ಅವ್ವ ಈ ಕಾರಿನಲ್ಲಿ ಮುಂದೆ ಕೂತರೆ ನಾನು ಬರುತ್ತೇನೆ ಅಂದೆ. ಮೊದಲು ಎಲ್ಲರೂ ನಕ್ಕು ಸಮಾಧಾನ ಮಾಡಿದರು. ಆಮೇಲೆ ಗದರಿದರು. ಹೊತ್ತು ಮೀರುತ್ತೆ, ಗಂಡಿನ ಕಡೆಯವರು ಕಾಯುತ್ತಾರೆ ಅಂದರು. ಅವ್ವನೇ ಬಂದು, ಹಟ ಬ್ಯಾಡ ಕಣವ್ವ, ಎದ್ದೇಳು ಅಂತ ಕೈ ಹಿಡಿದೆಳೆದಳು. ನಾನು ಏಳಲಿಲ್ಲ. ಕೊನೆಗೆ ಚಿಕ್ಕಪ್ಪ ಬಂದು ನಿಂತ. ಚೇರ್ಮನ್ನರು ಹಿಂದೆ ಕೂರುತ್ತಾರೆ ಅಂತಲೇ ಇಟ್ಟುಕೋ, ಸೀಟು ಹಿಂದಕ್ಕೆ ಸರಿಸಿದರೆ ನನಗೆ ಕ್ಲಚ್ಚು ಎಟುಕುವುದಿಲ್ಲ, ನಿನಗೇ ಗೊತ್ತಲ್ಲ ಅಂದ. ಅವನ ದನಿಯಲ್ಲಿ ಗೆದ್ದ ಸಮಾಧಾನವಿತ್ತು. ನಾನು ಜಗುಲಿಯಿಂದ ಏಳದೆಯೇ ಹೇಳಿದೆ.

"ಹಂಗಾದ್ರೆ ಕಾಲು ಎಟುಕೋರು ಓಡಿಸ್ಲಿ ಚಿಕ್ಕಪ್ಪ. ನೀವು ಬಸ್ಸಲ್ಲಿ ಬನ್ನಿ."

ಅಂಗಳದಲ್ಲಿ ಊದುತ್ತಿದ್ದ ವಾಲಗದವನು ನಿಲ್ಲಿಸಿದ. ನನಗೆ ಏಟು ಬೀಳುತ್ತದೆ ಅಂದುಕೊಂಡೆ. ಚಿಕ್ಕಪ್ಪನ ಕೈ ಎದ್ದದ್ದು ನಿಜ. ಆಗ ಅಪ್ಪ ಜನರನ್ನು ಸರಿಸಿಕೊಂಡು ಬಂದು ತಮ್ಮನ ಮುಂದೆ ನಿಂತು ಕೈ ಚಾಚಿದ.

"ಕೀ ಕೊಡು" ಅಂದ.

ಅಪ್ಪ ತನ್ನ ತಮ್ಮನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಚಿಕ್ಕಪ್ಪ ಕೀಯನ್ನು ಅಪ್ಪನ ಕೈಗೆ ಕೊಡಲಿಲ್ಲ, ಜಗುಲಿಯ ಮೇಲೆ ಎಸೆದು ಬಸ್ಸಿನ ಕಡೆ ಹೋದ. ಚೇರ್ಮನ್ನರು ಯಾರೂ ಹೇಳದೆಯೇ ಅವನ ಹಿಂದೆ ಹೋದರು. ಅಪ್ಪ ನಮ್ಮ ಲಾರಿಯ ಡ್ರೈವರನ್ನು ಕರೆದ. ಅವನು ಆರಡಿ ಆಳು, ಸೀಟು ಪೂರ್ತಿ ಹಿಂದಕ್ಕೆ ಹಾಕಿದರೂ ಅವನ ಮಂಡಿ ಸ್ಟೇರಿಂಗಿಗೆ ತಾಕುತ್ತಿತ್ತು.

ಅವ್ವ ಮುಂದೆ ಕೂತಳು, ಕಾಲು ಚಾಚಿ, ಬಿಳಿ ಬಟ್ಟೆಯ ಮೇಲೆ. ಮುಂದಿನ ಸೀಟು ಅಷ್ಟು ಹಿಂದಕ್ಕೆ ಬಂದದ್ದರಿಂದ ಹಿಂದೆ ನನಗೆ ಜಾಗವೇ ಇಲ್ಲದಾಯಿತು. ಧಾರೆ ಸೀರೆಯ ಹಾಗೆ ಭಾರವಾಗಿದ್ದ ರೇಷ್ಮೆ ಸೀರೆಯಲ್ಲಿ ನನ್ನ ಮಂಡಿಗಳು ಎದೆಗೆ ಬರುವಂತೆ ಮುದುಡಿ ಕೂತೆ. ಚಿಕ್ಕಮ್ಮ ದಾರಿಯುದ್ದಕ್ಕೂ ಕಾಲು ನೋವು ಅಂತ ಗೊಣಗಿದಳು. ನೋಯಲಿ ಅಂದುಕೊಂಡೆ. ನನ್ನ ಮಂಡಿಯ ಚರ್ಮ ಸುಲಿದುಹೋಗಿತ್ತು, ಮರುದಿನ ಹಸೆಮಣೆಯ ಮೇಲೆ ಕೂತಾಗಲೂ ಉರಿಯುತ್ತಿತ್ತು. ಹೆಬ್ಬಾಳ ದಾಟುವಾಗ, ಕಾಲಿಗೆ ಹೆಂಗಿದೆ ಅವ್ವ ಅಂತ ಕೇಳಿದೆ. ಅವಳು ತಿರುಗಲಿಲ್ಲ. ಸೀಟೇನೋ ಚೆನ್ನಾಗೈತೆ, ಆದರೆ ನಂಗೆ ಭಯ ಆಗ್ತೈತೆ ಅಂದಳು. ಇಳಿಯುವ ತನಕ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದೇ ಕೂತಿದ್ದಳು.

ಅವಳ ಭಯ ಸುಳ್ಳಾಗಲಿಲ್ಲ. ಮದುವೆಯಾದ ಕೆಲವೇ ತಿಂಗಳಲ್ಲಿ ಮನೆ ಭಾಗವಾಯಿತು. ಕಾರು, ಲಾರಿ ಚಿಕ್ಕಪ್ಪನಿಗೆ ಹೋದವು, ತೋಟದ ಕೆಳಗಿನ ಅರ್ಧ ಮತ್ತು ಹಳೆ ಮನೆಯ ಒಂದು ಭಾಗ ಅಪ್ಪನಿಗೆ ಬಂತು. ಮನೆ ಒಡೆದವಳು ಅಂತ ನನ್ನ ಹೆಸರು ಹೇಳಿದರು. ಚಿಕ್ಕಪ್ಪ ಬದುಕಿದ್ದ ತನಕ ನನ್ನ ಜೊತೆ ಮಾತಾಡಲಿಲ್ಲ. ಒಂದು ಕಾಲಿಗೆ ಜಾಗ ಕೇಳಿದರೆ ಒಡೆದುಹೋಗುವ ಮನೆ ಅಷ್ಟು ದಿನ ನಿಂತದ್ದು ಯಾರ ಬಾಯಿ ಮುಚ್ಚಿಸಿಕೊಂಡು ಅಂತ ಒಬ್ಬರೂ ಕೇಳಲಿಲ್ಲ.

ನಾನು ಗೊರಗುಂಟೆಪಾಳ್ಯದ ಹತ್ತಿರ ಒಂದು ವಠಾರದಲ್ಲಿ ಸಂಸಾರ ಹೂಡಿದೆ. ಅವ್ವನಿಗೆ ನನ್ನ ಮನೆ ನೋಡುವ ಆಸೆ. ಬಸ್ಸಿಗೆ ಬರುವುದು ಅವಳಿಗೆ ಆಗಲೇ ಕಷ್ಟವಾಗಿತ್ತು, ಎಡಗಾಲಿನ ಮಂಡಿಯೂ ನೋಯುತ್ತಿತ್ತು. ನನ್ನ ಗಂಡ, ಸ್ನೇಹಿತರೊಬ್ಬರ ಕಾರು ಕೇಳಿ ತರುತ್ತೇನೆ ಅಂದರು. ನಾನು ಹೋಗಿ ನೋಡಿದೆ. ಎರಡೇ ಬಾಗಿಲಿನ ಪುಟ್ಟ ಕಾರು, ಹಿಂದೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಬಗ್ಗಿ ಒಳಗೆ ನೋಡಿದವಳು ಹಾಗೇ ಎದ್ದೆ. ಬೇಡ ಅಂದೆ. ಅವರಿಗೆ ಬೇಸರವಾಯಿತು. ಆ ಕಾರಿನಲ್ಲಿ ನೀವು ಒಂದು ಕಾಲು ಮಡಚದೆ ಕೂತು ತೋರಿಸಿ ಅಂದೆ. ಪಾಪ, ಅವರು ನಿಜವಾಗಿಯೂ ಪ್ರಯತ್ನಿಸಿದರು. ಆಮೇಲೆ ಆ ಮಾತೆತ್ತಲಿಲ್ಲ.

ಒಂದು ದಿನ ಬೆಳಿಗ್ಗೆ ವಠಾರದ ಮುಂದೆ ಮೂರು ಚಕ್ರದ ಟೆಂಪೋ ಬಂದು ನಿಂತಿತು. ಯಶವಂತಪುರದ ಸಂತೆಗೆ ಕೋಸು ಹೊತ್ತು ಬಂದಿದ್ದ ಗಾಡಿ. ಹಿಂದೆ ಕೋಸಿನ ಮೂಟೆಗಳಿಗೆ ಒರಗಿ, ಚಾಪೆಯ ಮೇಲೆ ಅವ್ವ ಕಾಲು ನೀಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಪ್ಪ, ಕೊಡೆ ಬಿಚ್ಚಿ ಅವಳಿಗೆ ಬಿಸಿಲು ಬೀಳದ ಹಾಗೆ ಹಿಡಿದುಕೊಂಡಿದ್ದ. ಡ್ರೈವರ ಪಕ್ಕದ ಸೀಟು ಖಾಲಿಯಿತ್ತು. ವಠಾರದ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನನ್ನ ತಾಯಿ ತರಕಾರಿಯ ಜೊತೆ ಮೂಟೆಯ ಹಾಗೆ ಬಂದು ಇಳಿಯುತ್ತಿದ್ದಾಳೆ ಅನ್ನುವುದು ನನಗೆ ತಡೆಯಲಾಗಲಿಲ್ಲ. ಗಾಡಿಯ ಹಿಂಬದಿಯ ಹಲಗೆ ಬಿಚ್ಚಿ ಅವಳನ್ನು ಇಳಿಸಿಕೊಂಡೆ.

ಅವ್ವ ಖುಷಿಯಾಗಿದ್ದಳು. ಸೀರೆಗೆ ಅಂಟಿದ್ದ ಎಲೆ ಕೊಡವಿಕೊಂಡು, ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಕಾರಿನ ಕಿಟಕಿಯಿಂದ ಅರ್ಧಂಬರ್ಧ ಕಾಣುವುದು ಇದರಲ್ಲಿ ಪೂರ್ತಿ ಕಂಡಿತಂತೆ. ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು.

"ಯಾಕೆ ಮುಖ ಊದಿಸ್ಕೊಂಡಿದೀಯ? ನಾನು ಆರಾಮಾಗಿ ಬಂದೆ ಕಣೇ."

ಅದು ನಿಜವೆಂದು ನನಗೆ ಗೊತ್ತಿತ್ತು. ಅಷ್ಟು ಆರಾಮವಾಗಿ ಅವಳು ಬಂದು ಬಹಳ ವರ್ಷಗಳಾಗಿದ್ದವು. ಆ ಆರಾಮ ಅವಳಿಗೆ ಸಿಕ್ಕದ್ದು ಕೋಸಿನ ಮೂಟೆಗಳ ನಡುವೆ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆಯ ಪಕ್ಕ ಚಾಪೆ ಹಾಸಿ ಕೂರಿಸಿದೆ. ಅಪ್ಪನಿಗೂ ಒಂದು ಲೋಟ ನೀರು ಕೊಟ್ಟೆ.